ಕದಿರಮ್ಮನ ಗಂಟು

ದಾರ ಒಮ್ಮೆ ತುಂಡಾಗಿತ್ತು. ಯಾರೋ ಅದನ್ನು ಮತ್ತೆ ಕಟ್ಟಿದ್ದರು.

ಭೂತಗನ್ನಡಿ ಹಿಡಿದು ಇನ್ನಷ್ಟು ಬಗ್ಗಿದೆ. ಹಾಡಿನ ತಟ್ಟೆಯ ಮೇಲೆ ಮುಳ್ಳು ಹಿಡಿಯುವ ಕೈ, ಅಂದರೆ ಟೋನ್ ಆರ್ಮ್‌ನ ಹಿಂಬದಿಯಿಂದ ಇಳಿಬಿದ್ದ ಒಂದೆಳೆ ದಾರ, ಅದರ ತುದಿಯಲ್ಲಿ ಹೆಸರುಕಾಳಿನಷ್ಟು ಹಿತ್ತಾಳೆಯ ಗುಂಡು. ತಟ್ಟೆ ತಿರುಗುವಾಗ ಮುಳ್ಳು ತಾನಾಗಿಯೇ ಒಳಕ್ಕೆ ಜಾರಲು ನೋಡುತ್ತದೆ. ಆ ಗುಂಡು ಅದನ್ನು ಮೆಲ್ಲಗೆ ಹೊರಗಡೆಗೆ ಹಿಡಿದುಕೊಂಡಿರುತ್ತದೆ. ಕಂಪನಿಯವರು ಕೊಟ್ಟಿದ್ದ ನೈಲಾನ್ ಎಸೆದು ರಮೇಶ್‌ಬಾಬು ಅಲ್ಲಿ ಶಿಡ್ಲಘಟ್ಟದ ಕಚ್ಚಾ ರೇಷ್ಮೆ ಕಟ್ಟಿದ್ದರು. "ದಾರದ ವಿಷಯಾನ ಜರ್ಮನಿಯೋರು ನಮಗೆ ಹೇಳ್ಕೊಡೋದಾ ಶಿರೀಷಮ್ಮ?" ಎಂದು ಫೋನಿನಲ್ಲಿ ನಕ್ಕಿದ್ದರು.

ಕಳೆದ ತಿಂಗಳು ನಾನು ನೋಡಿದಾಗ ಆ ದಾರದಲ್ಲಿ ಗಂಟಿರಲಿಲ್ಲ. ಈಗ ನಡುವೆ ಒಂದಿತ್ತು. ಸಾಸಿವೆಗಿಂತ ಸಣ್ಣದು.

ಬುಧವಾರ ಸಂಜೆ ರಮೇಶ್‌ಬಾಬು ಇದೇ ಕೋಣೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದರು. ಇಂದು ಸೋಮವಾರ.

"ಏನಾದ್ರೂ ಕಾಣ್ತಾಮ್ಮ?"

ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಅವರ ತಂಗಿ ಅನಸೂಯಮ್ಮ ಕೂತಿದ್ದರು. ಅರವತ್ತನಾಲ್ಕು ವಯಸ್ಸು, ಮಂಡಿನೋವು. ಈ ಮೆಟ್ಟಿಲು ಹತ್ತಿ ವರ್ಷವಾಯಿತು ಎಂದು ಬೆಳಗ್ಗೆ ಹತ್ತುವಾಗ ಎರಡು ಸಲ ಹೇಳಿದ್ದರು.

"ಧೂಳು," ಎಂದೆ.

ಅದೂ ಸುಳ್ಳಲ್ಲ. ಮುಳ್ಳಿನ ತುದಿಗೆ ಕಪ್ಪು ಪುಡಿ ಮೆತ್ತಿಕೊಂಡಿತ್ತು. ರಮೇಶ್‌ಬಾಬು ಪ್ರತಿ ಸಲ ಮುಳ್ಳು ಒರೆಸಿಯೇ ಏಳುವ ಮನುಷ್ಯ. ಹಿಂಬದಿಯ ತೂಕದ ಬಿಲ್ಲೆಯನ್ನು ಯಾರೋ ಮುಂದಕ್ಕೆ ತಿರುವಿದ್ದರು. ನನ್ನ ಪುಟ್ಟ ತಕ್ಕಡಿಯ ಮೇಲೆ ಮುಳ್ಳು ಇಳಿಸಿದೆ. ನಾಲ್ಕು ಗ್ರಾಂ. ರಮೇಶ್‌ಬಾಬು ತಮ್ಮ ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದದ್ದು ಒಂದು ಪಾಯಿಂಟ್ ಎಂಟು.

ಈ ಯಂತ್ರದ ಬಗ್ಗೆ ಏನೂ ತಿಳಿಯದ ಯಾರೋ, ಅವಸರದಲ್ಲಿ, ಈ ತಟ್ಟೆಯನ್ನು ಕೇಳಿದ್ದರು.

ನನ್ನ ಕಸುಬು ಎರಡು. ಮೊದಲು ವಿಮಾ ಕಂಪನಿಯೊಂದಕ್ಕೆ ಸಾವು, ಬೆಂಕಿ, ಕಳವುಗಳ ಹಿಂದಿನ ಸುಳ್ಳು ಹುಡುಕಿಕೊಡುತ್ತಿದ್ದೆ. ಬೇಸರವಾಗಿ ಬಿಟ್ಟೆ. ಈಗ ಹಳೆಯ ತಟ್ಟೆಗಳ ಹುಚ್ಚಿರುವವರ ಮನೆಗೆ ಹೋಗಿ ಟರ್ನ್‌ಟೇಬಲ್‌ಗೆ ಮುಳ್ಳು ಕೂರಿಸಿ, ತೂಕ ಸರಿಮಾಡಿ ಬರುತ್ತೇನೆ. ರಮೇಶ್‌ಬಾಬು ನನ್ನನ್ನು ಕರೆದದ್ದು ಎರಡನೆಯದಕ್ಕೆ. ಅವರು ಸತ್ತ ಮೇಲೆ ಅನಸೂಯಮ್ಮ ಎರಡಕ್ಕೂ ಗೊತ್ತುಮಾಡಿಕೊಂಡರು.

ಕೋಣೆ ಒಂದು ಕಾಲಕ್ಕೆ ಹುಳದ ಮನೆ. ಮೇಲೂರಿನ ಈ ಮಹಡಿಯಲ್ಲಿ ದಶಕಗಟ್ಟಲೆ ರೇಷ್ಮೆಹುಳು ಸೊಪ್ಪು ಮೇಯ್ದಿವೆ. ಈಗ ಉಳಿದಿರುವುದು ಗೋಡೆಗೆ ಆನಿಸಿದ ಬಿದಿರಿನ ಚಂದ್ರಿಕೆಗಳು ಮಾತ್ರ. ಹುಳು ಗೂಡು ಕಟ್ಟುತ್ತಿದ್ದ ಆ ಸುರುಳಿಗಳು ಮರುದನಿಯನ್ನು ನುಂಗಿಬಿಡುತ್ತವೆ ಎಂದು ರಮೇಶ್‌ಬಾಬು ಕಂಡುಕೊಂಡಿದ್ದರು. ಇಲ್ಲಿ ಆಡಿದ ಮಾತು ಬಾಯಿಂದ ಹೊರಟು ಅಲ್ಲೇ ಸಾಯುತ್ತದೆ. ನಾನು ಕೆಮ್ಮಿದರೂ ಬೇರೆ ಯಾರೋ ಕೆಮ್ಮಿದ ಹಾಗಿತ್ತು.

ತಟ್ಟೆ ಟರ್ನ್‌ಟೇಬಲ್ ಮೇಲೆಯೇ ಇತ್ತು. ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಅಲ್ಯೂಮಿನಿಯಂ ತಗಡಿಗೆ ಕಪ್ಪು ಅರಗು ಬಳಿದು, ಹಾಡುತ್ತಿದ್ದ ಹಾಗೆಯೇ ಗೆರೆ ಕೊರೆದ ತಟ್ಟೆ. ೧೯೬೫ರಲ್ಲಿ ಬೆಂಗಳೂರಿನಿಂದ ಪೆಟ್ಟಿಗೆ ಯಂತ್ರ ಹೊತ್ತು ಬಂದಿದ್ದ ಒಬ್ಬಾತ ಈ ಕೋಣೆಯಲ್ಲೇ ಕೂತು ಅನಸೂಯಮ್ಮನ ತಾಯಿ ಕದಿರಮ್ಮನ ಹಾಡನ್ನು ಇದರಲ್ಲಿ ಕೊರೆದಿದ್ದ. ಹನ್ನೊಂದು ನಿಮಿಷ. ಅದಾದ ತಿಂಗಳೊಳಗೆ ಕದಿರಮ್ಮ ಜ್ವರದಲ್ಲಿ ತೀರಿಕೊಂಡರು. ಆಗ ಅನಸೂಯಮ್ಮನಿಗೆ ನಾಲ್ಕು ವರ್ಷ.

"ಅಮ್ಮನ್ದು ಒಂದ್ ಫೋಟೋನೂ ಇಲ್ಲ ಕಣಮ್ಮ. ಇದೊಂದೇ," ಎಂದರು ಅನಸೂಯಮ್ಮ. "ಮುಖ ನೆನಪಿಲ್ಲ, ದನಿ ನೆನಪಿಲ್ಲ. ಎಲ್ರಿಗೂ ಅಮ್ಮ ಕನಸಲ್ಲಾದ್ರೂ ಬರ್ತಾಳೆ. ನನಗೆ ಬರೋಕೆ ಅವಳಿಗೊಂದು ಮುಖಾನೇ ಇಲ್ಲ."

ಅರಗು ಅಂಚಿನಲ್ಲಿ ಸಿಬಿರಾಗಿ ಏಳುತ್ತಿತ್ತು. ಹೊರ ಅಂಚು ಹಪ್ಪಳದಂತೆ ಒಂದು ಕಡೆ ಬಾಗಿತ್ತು. ಇಂಥ ತಟ್ಟೆ ಪ್ರತಿ ಸಲ ಕೇಳಿದಾಗಲೂ ಸ್ವಲ್ಪ ಸವೆಯುತ್ತದೆ. ಈಗ ಇದಕ್ಕೆ ಉಳಿದಿರುವುದು ಒಂದೇ ಸಲ ಎಂದು ಕಾಣುತ್ತಿತ್ತು. ನಾನು ರೆಕಾರ್ಡರ್ ಜೋಡಿಸಿಕೊಳ್ಳುತ್ತೇನೆ, ಪ್ರತಿ ಉಳಿಯುತ್ತದೆ. ಆದರೆ ಆ ಒಂದು ಸಲ ತಪ್ಪಿದರೆ ಪ್ರತಿಯೂ ಇಲ್ಲ, ತಟ್ಟೆಯೂ ಇಲ್ಲ.

ಟಾರ್ಚ್ ಓರೆಯಾಗಿ ಬಿಟ್ಟೆ. ಬುಧವಾರದ ಆ ನಾಲ್ಕು ಗ್ರಾಂ ಮುಳ್ಳು ತಟ್ಟೆಯ ಮೇಲೆ ಬೂದು ಹೆಜ್ಜೆ ಬಿಟ್ಟಿತ್ತು. ಅದು ಅಂಚಿನಿಂದ ಹೊರಟು ಒಳಕ್ಕೆ ಬಂದು, ನಡುವಿನ ಚೀಟಿಗೆ ಇನ್ನೂ ಒಂದು ಬೆರಳಷ್ಟು ದೂರವಿರುವಾಗ ಥಟ್ಟನೆ ನಿಂತಿತ್ತು. ಆ ಬೆರಳಗಲ ಜಾಗ ಮಾತ್ರ ಇನ್ನೂ ಕಾಡಿಗೆಯಂತೆ ಕಪ್ಪಗಿತ್ತು.

ಕೇಳುತ್ತಿದ್ದವರು ಕೊನೆಯ ನಿಮಿಷಕ್ಕೆ ಮುಂಚೆ ಮುಳ್ಳು ಎತ್ತಿದ್ದರು.

ಫೋಟೊ ತೆಗೆದುಕೊಂಡೆ. ದಾರ ಬಿಚ್ಚಿ ಒಂದು ಕವರಿನಲ್ಲಿ ಹಾಕಿದೆ.

"ಎಲ್ಲಿಗಮ್ಮ?"

"ಶಿಡ್ಲಘಟ್ಟಕ್ಕೆ. ಮೂರು ಗಂಟೆಗೆ ಬರ್ತೀನಿ. ಮೋಹನ್‌ಬಾಬು ಅವರನ್ನೂ ಬರೋಕೆ ಹೇಳಿ."

*

ಮುನಿಶಾಮಿ ತಾತ ಗೂಡಿನಿಂದ ರೇಷ್ಮೆ ಎಳೆ ತೆಗೆಯುವ ಮಗನ ರೀಲಿಂಗ್ ಘಟಕದ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡಿದ್ದರು. ಒಳಗೆ ಬೇಸಿನ್ನುಗಳಲ್ಲಿ ಗೂಡು ಬೇಯುತ್ತಿತ್ತು. ಬೆಂದ ಹುಳದ ವಾಸನೆ ಬೀದಿಯ ಕೊನೆಯವರೆಗೂ ಇತ್ತು. ನನಗೆ ವಾಕರಿಕೆ. ಅವರಿಗೆ ಅದು ಗಾಳಿ.

ಹದಿನಾರನೇ ವಯಸ್ಸಿನಲ್ಲಿ ಅವರು ಕದಿರಮ್ಮನ ಮನೆಯ ಬೇಸಿನ್ನಿನಲ್ಲಿ ಕೆಲಸಕ್ಕೆ ಸೇರಿದವರು.

"ಏನ್ ತಲ್ಲೀ, ಕವರಲ್ಲಿ ದಾರ ತಗೊಂಡು ಶಿಡ್ಲಘಟ್ಟಕ್ಕೆ ಬಂದಿದ್ದೀಯ? ಇಲ್ಲಿ ಕಮ್ಮಿ ಆಗಿತ್ತಾ?"

"ಗಂಟು ನೋಡಿ ತಾತ."

ಅವರು ಬೆರಳಲ್ಲಿ ಮುಟ್ಟಲಿಲ್ಲ. ದಾರವನ್ನು ಕೆಳತುಟಿಯ ಮೇಲೆ ಇಟ್ಟು ಮೆಲ್ಲಗೆ ಎಳೆದರು, ಕಣ್ಣು ಮುಚ್ಚಿ. ನಾನು ನೋಡುತ್ತಿದ್ದದ್ದು ಕಂಡು ಎರಡೂ ಅಂಗೈ ತೆರೆದು ತೋರಿಸಿದರು. ಬೆರಳ ತುದಿಗಳು ನುಣುಪಾಗಿ, ಬಿಳಿಚಿ, ಗೆರೆಯೇ ಇಲ್ಲದೆ ಇದ್ದವು.

"ಐವತ್ತು ವರ್ಷ ಬಿಸಿನೀರಲ್ಲಿ ಬೆಂದಿರೋವು. ಬೆಂಕಿ ಮುಟ್ಟಿದ್ರೂ ತಿಳಿಯಲ್ಲ. ತುಟಿಗೆ ಇನ್ನೂ ಜೀವ ಇದೆ."

ಹಾಗಾದರೆ ಈ ಗಂಟು ಅವರು ಹಾಕಿದ್ದಲ್ಲ. ನನ್ನ ಪಟ್ಟಿಯಿಂದ ಒಂದು ಹೆಸರು ಹೋಯಿತು.

"ರೀಲರ್ ಗಂಟೇ," ಎಂದರು. "ತುಂಡಾದ ದಾರ ಕಂಡ್ರೆ ನಮ್ಮೋರ ಕೈ ಸುಮ್ನಿರಲ್ಲ ತಲ್ಲೀ. ಮದ್ವೆ ಮನೆಗೆ ಹೋಗ್ತೀವಿ ಅಂದ್ಕೋ, ಅಲ್ಲಿ ತೋರಣದ ದಾರ ಹರಿದಿದ್ರೆ ಊಟ ಬಿಟ್ಟು ಕಟ್ತಾ ನಿಂತ್ಕೋತೀವಿ. ನನ್ನ ಹೆಂಡ್ತಿ ಬಯ್ಯೋಳು. ನಾಲಿಗೆಗೆ ಮುಟ್ಸೋದು, ಉಗುರ ಮೇಲೆ ಸುತ್ತೋದು, ಎಳೆಯೋದು, ಹಲ್ಲಲ್ಲಿ ಕಡಿಯೋದು. ಮನಸ್ಸಿಗೆ ಗೊತ್ತಾಗೋ ಮುಂಚೆ ಮುಗ್ದಿರತ್ತೆ."

ಮತ್ತೊಮ್ಮೆ ತುಟಿಯ ಮೇಲೆ ಎಳೆದರು. ನಿಂತರು.

"ಆದ್ರೆ ತಿರುವು ಎಡಕ್ಕಿದೆ."

"ಅಂದ್ರೆ?"

"ಈ ಸೀಮೇಲಿ ಎಲ್ರೂ ಬಲಕ್ಕೆ ಸುತ್ತೋರು. ಎಡಕ್ಕೆ ಸುತ್ತೋರು ನನಗೆ ಗೊತ್ತಿದ್ದಂಗೆ ಒಬ್ರೇ ಇದ್ದದ್ದು. ಕದಿರಮ್ಮ. ಆಯಮ್ಮ ಎಡಚಿ."

"ಆಯಮ್ಮ ಯಾರಿಗಾದ್ರೂ ಕಲಿಸಿದ್ರಾ?"

"ಯಾರ್ಗೂ ಇಲ್ಲ. ಎಡಗೈಯೋರು ಪಕ್ಕ ಕೂತ್ರೆ ಮೊಣಕೈ ತಗಲ್ತದೆ ಅಂತ ಯಜಮಾನ್ರು ಆಯಮ್ಮನ್ನ ಕೊನೇ ಬೇಸಿನ್ನಲ್ಲಿ ಒಬ್ಳನ್ನೇ ಕೂರ್ಸೋರು."

"ಆಯಮ್ಮ ಹೋಗಿ ಅರವತ್ತು ವರ್ಷ ಆಯ್ತಲ್ಲ ತಾತ."

"ಅದೇ ನಾನೂ ಲೆಕ್ಕ ಹಾಕ್ತಿದ್ದೀನಿ," ಎಂದರು ಮುನಿಶಾಮಿ. ದಾರವನ್ನು ಬೇಗ ಕವರಿಗೆ ಹಾಕಿಕೊಟ್ಟು ಟವೆಲಿನಿಂದ ತುಟಿ ಒರೆಸಿಕೊಂಡರು. ಎರಡು ಸಲ.

*

ಮೂರು ಗಂಟೆಗೆ ಮೇಲೂರಿನ ಬಿಸಿಲು ಮಹಡಿಯ ಕಿಟಕಿಯಲ್ಲಿ ಬಿಳಿ ಬಟ್ಟೆಯಂತೆ ತೂಗುಬಿದ್ದಿತ್ತು. ಹಾಡುಹಗಲೇ ಆ ಮನೆ ಯಾರೋ ಈಗಷ್ಟೇ ಎದ್ದುಹೋದ ಹಾಗಿತ್ತು.

ಮೇಜಿನ ಮೇಲೆ ಎರಡು ಹೊಸ ಟೋನ್ ಆರ್ಮ್ ಬಿಚ್ಚಿಟ್ಟೆ. ರಮೇಶ್‌ಬಾಬು ಎಂಟು ತಿಂಗಳು ಯೋಚಿಸಿ ತರಿಸಿದ್ದವು. ಒಂದು ಗಿಡ್ಡ, ಕರಿ ಕಾರ್ಬನ್ ಕೊಳವೆಯದು, ಕಡ್ಡಿಯಷ್ಟು ಹಗುರ. ಇನ್ನೊಂದು ಉದ್ದ, ಹನ್ನೆರಡು ಇಂಚು, ಕೈಯಲ್ಲಿ ಹಿಡಿದರೆ ತೂಕ ತಿಳಿಯುತ್ತಿತ್ತು.

"ಇಷ್ಟುದ್ದ ಯಾಕಮ್ಮ?" ಅನಸೂಯಮ್ಮ ಕೇಳಿದರು.

"ಇದು ಬಾಗಿಲಿನ ಥರ. ಒಂದು ಕಡೆ ಕೀಲು. ಹಾಗಾಗಿ ಮುಳ್ಳು ನೇರ ಹೋಗಲ್ಲ, ಬಾಗಿಲು ತೆರೆದಂಗೆ ಕಮಾನಾಗಿ ಹೋಗತ್ತೆ. ಆದ್ರೆ ಗೆರೆ ಕೊರೆದಿರೋ ಯಂತ್ರ ನೇರ ಹೋಗಿರತ್ತೆ. ಗಿಡ್ಡ ಕೈ ಆದ್ರೆ ಒಳಗಡೆ, ಚೀಟಿ ಹತ್ರ, ಮುಳ್ಳು ಓರೆ ಆಗ್ಬಿಡತ್ತೆ. ಅಲ್ಲಿ ಗೆರೆಗಳೂ ಇಕ್ಕಟ್ಟು. ದನಿ ಚೂರುಚೂರಾಗತ್ತೆ. ಅದಕ್ಕೇ ನಿಮ್ಮಣ್ಣನಿಗೆ ಹಳೇ ಕೈಯಲ್ಲಿ ಕೊನೇ ನಿಮಿಷ ಕೇಳಿಸ್ತಾನೇ ಇರಲಿಲ್ಲ. ಉದ್ದ ಕೈಗೆ ಓರೆ ಕಮ್ಮಿ."

"ಮತ್ತೆ ಉದ್ದದ್ದೇ ಹಾಕು."

"ಅದು ಭಾರ. ಅಂಚು ಬಾಗಿದೆಯಲ್ಲ, ಅಲ್ಲಿ ಕುಪ್ಪಳಿಸಿದ್ರೆ ಅರಗು ಕಿತ್ತು ಬರತ್ತೆ. ಹಗುರದ್ದು ಅಂಚಿನ ಮೇಲೆ ಚೆನ್ನಾಗಿ ಹೋಗತ್ತೆ. ಕೊನೇಲಿ ಕೈಕೊಡತ್ತೆ."

ಅವರು ಎರಡನ್ನೂ ನೋಡಿದರು. ಮಕ್ಕಳ ಕಾಲು ನೀವುವ ಹಾಗೆ ಉದ್ದದ್ದನ್ನು ಒಮ್ಮೆ ಸವರಿದರು.

"ಯಾವುದು ಅಮ್ಮನಿಗೆ ನೋಯ್ಸಲ್ಲ?"

ಈ ಕಸುಬಿನಲ್ಲಿ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ರಮೇಶ್‌ಬಾಬುವಿನ ನೋಟ್‌ಬುಕ್ ತಿರುವಿದೆ. ಮುಳ್ಳು ಕೂರುವ ಕಾರ್ಟ್ರಿಜ್‌ಗಳ ಹೆಸರು, ತೂಕ, ಕೋನ, ಬಾಣದ ಗುರುತು. ಕೊನೆಯ ಪುಟದಲ್ಲಿ ಎರಡೇ ಸಾಲು: "ಉದ್ದ ಕೈ. ಮೊದಲ ನಿಮಿಷಗಳು ಹೋದರೂ ಸರಿ."

"ಅಂಚು ಬಿಟ್ಟು ಒಳಗಡೆ ಇಳಿಸಿದ್ರೆ ಉದ್ದ ಕೈ ಸಾಕು," ಎಂದೆ. "ಆದ್ರೆ ಮೊದಲ ಮೂರು ನಿಮಿಷದ ಹಾಡು ಕೇಳೋ ಹಾಗಿಲ್ಲ. ಅರವತ್ತು ವರ್ಷ ಕಾದಿದ್ದೀರಿ. ಮೂರು ನಿಮಿಷ ಬಿಡ್ತೀರಾ?"

"ಬಿಡ್ತೀನಿ. ನನಗೆ ಕೊನೇದು ಬೇಕು." ತಕ್ಷಣ ಹೇಳಿದರು. ಸ್ವಲ್ಪ ಹೆಚ್ಚೇ ತಕ್ಷಣ.

ಹಳೆಯ ಕೈ ಬಿಚ್ಚಿ ಉದ್ದದ್ದನ್ನು ಕೂರಿಸಿ, ಮುಳ್ಳಿನ ಕೋನ ಅಳೆಯುತ್ತಿದ್ದಾಗ ಮೆಟ್ಟಿಲ ಮೇಲೆ ಬೂಟಿನ ಸದ್ದು.

ಮೋಹನ್‌ಬಾಬು. ಅನಸೂಯಮ್ಮನ ತಂದೆಯ ಎರಡನೆಯ ಹೆಂಡತಿಯ ಮಗ. ಗೌರಿಬಿದನೂರಿನಲ್ಲಿ ಹೈಸ್ಕೂಲು ಮೇಷ್ಟ್ರಾಗಿದ್ದು ಸ್ವಯಂ ನಿವೃತ್ತಿ ಪಡೆದವರು. ಇಸ್ತ್ರಿ ಮಾಡಿದ ಬಿಳಿ ಶರ್ಟು. ಎಡ ತೋಳಿಗೆ ಸಿಕ್ಕಿಸಿದ ಹೆಲ್ಮೆಟ್, ಅದೇ ಎಡಗೈಯಲ್ಲಿ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು. ಬಂದಾಗಿನಿಂದ ಬಲಗೈ ಜೇಬಿನಿಂದ ಹೊರಗೆ ಬಂದಿರಲಿಲ್ಲ.

ಎಡಚ. ಅದನ್ನು ನಾನು ಸಾವಿನ ಮನೆಯಲ್ಲೇ ಗಮನಿಸಿದ್ದೆ.

"ಅಕ್ಕ, ಇದೆಲ್ಲ ಬೇಕಾ? ಅಣ್ಣನ ಹನ್ನೊಂದನೇ ದಿನದ ಕೆಲಸ ಇನ್ನೂ ಆಗಿಲ್ಲ."

"ಕೂತ್ಕೋಪ್ಪ. ಬಿಸಿಲಲ್ಲಿ ಬಂದಿದ್ದೀಯ."

"ಕೂರಲ್ಲ. ಅದನ್ನ ಹ್ಯಾಗಿದೆಯೋ ಹಾಗೆ ಬೀರುಗೆ ಹಾಕಿ."

"ಯಾಕೆ ಮೇಷ್ಟ್ರೇ?" ಎಂದೆ.

ಅವರು ನನ್ನನ್ನು ಹೋಂವರ್ಕ್ ತರದ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

"ನಿನಗೇನಮ್ಮ ಗೊತ್ತು? ನಮ್ಮಮ್ಮ ಈ ಮನೇಲಿ ನಲವತ್ತು ವರ್ಷ ಬಾಳಿದ್ಲು. ಆ ತಟ್ಟೆ ಬೀರುನಲ್ಲಿತ್ತು. ಅಪ್ಪ ಅದನ್ನ ಯಾವತ್ತೂ ಕೇಳ್ತಿರ್ಲಿಲ್ಲ, ಎಸೀತಾನೂ ಇರ್ಲಿಲ್ಲ. ಬೀರು ತೆಗ್ದಾಗೆಲ್ಲ ಅಮ್ಮ ಮಾತು ನಿಲ್ಸಿಬಿಡೋಳು. ಒಳಗೆ ಯಾರೋ ಕೇಳಿಸ್ಕೋತಿದ್ದಾರೆ ಅನ್ನೋ ಥರ. ಸೀರೆ ತಗೊಳ್ಳೋಕೂ ನನ್ನ ಕಳ್ಸೋಳು. ಸತ್ತೋರ ಬಾಯಿ ತೆರೆಸಿ ಏನ್ ಮಾಡ್ತೀರಾ?"

"ಬುಧವಾರ ಎಲ್ಲಿದ್ರಿ?"

"ಪೊಲೀಸ್ರಿಗೆ ಹೇಳಿದ್ದೀನಿ. ಗೌರಿಬಿದನೂರಲ್ಲಿ, ಮಗಳ ಗೃಹಪ್ರವೇಶದ ಕಾರ್ಡು ಹಂಚ್ತಿದ್ದೆ. ನಲವತ್ತು ಮನೆಯೋರು ಸಾಕ್ಷಿ ಹೇಳ್ತಾರೆ, ನಲವತ್ತು ಲೋಟ ಕಾಫಿ ಕುಡಿದಿದ್ದೀನಿ."

"ಈ ಯಂತ್ರ ಯಾವತ್ತಾದ್ರೂ ಮುಟ್ಟಿದ್ದೀರಾ?"

"ನಲವತ್ತು ಕೆ.ಜಿ. ಇದೆ ಅಂತ ಅಣ್ಣ ಬಡಾಯಿ ಕೊಚ್ತಿದ್ದ. ಮುಟ್ಟೋಕೇನು, ನೋಡೋಕೇ ಭಯ."

ಇದೇ ಹೊತ್ತಿಗೆ ಎಂದು ನಾನು ಕಾದಿದ್ದೆ. ಉದ್ದ ಕೈಯ ಗುಂಡಿಗೂ ರೇಷ್ಮೆ ದಾರವನ್ನೇ ಪೋಣಿಸಿದ್ದೆ. ನಡುವೆ ಬ್ಲೇಡಿನಿಂದ ಮುಕ್ಕಾಲು ಕತ್ತರಿಸಿದ್ದೆ. ಈಗ ಬೆರಳು ತಾಗಿಸಿದೆ, ತುಂಡಾಯಿತು.

"ಅಯ್ಯೋ. ಮೇಷ್ಟ್ರೇ, ನನ್ನ ಎರಡೂ ಕೈ ಇಲ್ಲಿ ಸಿಕ್ಕಿಹಾಕ್ಕೊಂಡಿವೆ. ಸ್ವಲ್ಪ ಆ ದಾರ ಕಟ್ಟಿ."

ಅವರು ಹೆಲ್ಮೆಟ್ ಕೆಳಗಿಟ್ಟರು. ಬಲಗೈ ಹೊರಗೆ ಬಂತು. ಅದರಲ್ಲೇನೂ ಇರಲಿಲ್ಲ, ಬೆವರು ಬಿಟ್ಟು. ಎರಡು ತುದಿ ಹಿಡಿದು ಕನ್ನಡಕ ಮೇಲಕ್ಕೆ ಸರಿಸಿದರು. ಒಂದು ತುದಿ ಜಾರಿತು. ಹಿಡಿದರು. ಇನ್ನೊಂದು ಜಾರಿತು. ಹಾಲಿನ ಪ್ಯಾಕೆಟ್ಟಿನ ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತುವವರ ಹಾಗೆ ಸುತ್ತಿ ಎಳೆದರು. ಬಿಚ್ಚಿಕೊಂಡಿತು.

"ನಾನು ಸಮಾಜ ವಿಜ್ಞಾನದ ಮೇಷ್ಟ್ರು ಕಣಮ್ಮ! ರೀಲರ್ ಅಲ್ಲ!"

ಅವರ ಮುಖ ನೋಡುತ್ತಿದ್ದೆ. ನಾಟಕವಿರಲಿಲ್ಲ. ಆ ಬೆರಳುಗಳಿಗೆ ದಾರ ಅಂದರೆ ನಿಜಕ್ಕೂ ಏನೆಂದು ಗೊತ್ತಿರಲಿಲ್ಲ.

ಅನಸೂಯಮ್ಮ ನಕ್ಕರು. ಐದು ದಿನದಲ್ಲಿ ಮೊದಲ ಸಲ.

"ಸ್ಕೂಲಿಗೆ ಹೋಗುವಾಗ ಇವನ ಲಾಡಿ ಕಟ್ಟೋಕೂ ನಾನೇ ಬೇಕಿತ್ತು. ಕೊಡೋ ಇಲ್ಲಿ."

ಎದ್ದು ಬಂದರು. ಎರಡು ತುದಿ ಸೇರಿಸಿ ನಾಲಿಗೆಗೆ ಮುಟ್ಟಿಸಿದರು. ಹೆಬ್ಬೆರಳ ಉಗುರಿನ ಮೇಲೆ ಸುತ್ತಿದರು, ಎಳೆದರು, ಬಾಗಿ ಹಲ್ಲಲ್ಲಿ ಕಡಿದರು. ಉಸಿರು ತೆಗೆದು ಬಿಡುವಷ್ಟು ಹೊತ್ತು.

ಗುಂಡು ತೂಗಾಡಿ ನಿಂತಿತು. ದಾರದ ನಡುವೆ ಗಂಟು. ಸಾಸಿವೆಗಿಂತ ಸಣ್ಣದು.

ಭೂತಗನ್ನಡಿ ಬೇಕಿರಲಿಲ್ಲ. ಆದರೂ ಹಿಡಿದೆ. ತಿರುವು ಎಡಕ್ಕಿತ್ತು.

ಅನಸೂಯಮ್ಮ ಬರೆಯುವುದು ಬಲಗೈಯಲ್ಲಿ. ಬೆಳಗ್ಗೆ ನನಗೆ ಉಪ್ಪಿಟ್ಟು ಬಡಿಸಿದ್ದೂ ಬಲಗೈಯಲ್ಲಿ. ಮೋಹನ್‌ಬಾಬುವಿಗೆಂದು ಹಾಸಿದ ಬಲೆಯಲ್ಲಿ ನನ್ನನ್ನು ಕರೆಸಿದವರೇ ಬಂದು ನಿಂತಿದ್ದರು, ಸೆರಗಿನಿಂದ ತುಟಿ ಒರೆಸಿಕೊಳ್ಳುತ್ತ.

"ಈ ಗಂಟು ಎಲ್ಲಿ ಕಲಿತ್ರಿ?" ನನ್ನ ದನಿ ಆ ಕೋಣೆಯಲ್ಲಿ ಅಲ್ಲೇ ಸತ್ತಿತು.

"ಯಾರಿಗೆ ಗೊತ್ತು? ಚಿಕ್ಕೋಳಿದ್ದಾಗಿಂದ ಬರತ್ತೆ. ಯಾರೂ ಕಲ್ಸಿದ್ದು ನೆನಪಿಲ್ಲ."

ಮೋಹನ್‌ಬಾಬು ಹೆಲ್ಮೆಟ್ ಎತ್ತಿಕೊಂಡರು. "ನಾನು ಕೇಳಲ್ಲ. ಕೆಳಗೆ ಕೂತಿರ್ತೀನಿ." ಬೂಟಿನ ಸದ್ದು ಇಳಿಯಿತು.

ನಾನು ಆಗಲೇ ಕೇಳಬಹುದಿತ್ತು. ಹಳೆಯ ಕಸುಬು ಹಾಗೇ ಹೇಳುತ್ತಿತ್ತು: ಬೆವರು ಆರುವ ಮುಂಚೆ ಕೇಳು. ಆದರೆ ಕೇಳಿದರೆ ಅವರು ಎದ್ದು ಹೋಗಬಹುದು. ಪೊಲೀಸರು ಬರಬಹುದು, ತಟ್ಟೆ ಸಾಕ್ಷ್ಯವಾಗಿ ಪ್ಲಾಸ್ಟಿಕ್ ಚೀಲ ಸೇರಬಹುದು, ಅರಗು ಆ ಚೀಲದಲ್ಲೇ ಉದುರಬಹುದು. ನಾಲ್ಕು ವರ್ಷದ ಒಂದು ಮಗು ಅರವತ್ತು ವರ್ಷದಿಂದ ಬಾಗಿಲ ಬಳಿ ಕೂತಿತ್ತು.

ಮುಳ್ಳಿನ ಭಾರ ಒಂದು ಪಾಯಿಂಟ್ ಎಂಟಕ್ಕೆ ತಂದೆ. ರೆಕಾರ್ಡರ್ ಒತ್ತಿದೆ. ತಟ್ಟೆ ತಿರುಗಿತು. ಬಾಗಿದ ಅಂಚು ದಾಟಿಸಿ ಉದ್ದ ಕೈಯನ್ನು ಇಳಿಸಿದೆ.

*

ಮೊದಲು ಬಾಣಲೆಯಲ್ಲಿ ಎಣ್ಣೆ ಸಿಡಿಯುವ ಸದ್ದು. ಅದರ ಹಿಂದಿನಿಂದ, ಬಹಳ ದೂರದ ಬಾವಿಯೊಳಗಿಂದ ಎನ್ನುವ ಹಾಗೆ, ಹೆಂಗಸಿನ ದನಿ.

ತೆಲುಗು ಕನ್ನಡ ಕಲೆಸಿದ, ಸೊಪ್ಪು ಬಿಡಿಸುವಾಗ ಹೇಳುವಂಥ ಹಾಡು. ಸುಂದರವಾದ ದನಿಯಲ್ಲ. ತೆಳು, ಅವಸರದ್ದು, ಕೆಲಸ ಬಾಕಿ ಇರುವವಳದ್ದು. ಅನಸೂಯಮ್ಮ ಕುರ್ಚಿಯ ಎರಡೂ ಕೈ ಹಿಡಿದುಕೊಂಡಿದ್ದರು. ಅಳುತ್ತಿರಲಿಲ್ಲ. ಕಾಯುತ್ತಿದ್ದರು.

ಬೂದು ಹೆಜ್ಜೆ ಮುಗಿಯುವ ಜಾಗ ಬಂತು. ಉದ್ದ ಕೈ ಅದನ್ನು ದಾಟಿ ಕಾಡಿಗೆ ಕಪ್ಪಿನೊಳಗೆ ಇಳಿಯಿತು. ಇಲ್ಲಿಂದ ಮುಂದೆ ಯಾರಿಗೂ ಸರಿಯಾಗಿ ಕೇಳಿಸಿರಲಿಲ್ಲ.

ಸಿಡಿತ ಕಡಿಮೆಯಾಯಿತು. ಹಾಡು ನಿಂತಿತು.

"ಸಾಕು ಬಿಡಣ್ಣೋ, ಗಂಟ್ಲು ಒಣಗ್ತು," ಎಂದಿತು ದನಿ, ಈಗ ಹತ್ತಿರದಿಂದ, ನಮ್ಮ ಪಕ್ಕದಲ್ಲೇ ಕೂತ ಹಾಗೆ. ಬಟ್ಟೆ ಸರಿದ ಸದ್ದು. ಆಮೇಲೆ ಬೇರೆಯದೇ ಸ್ವರದಲ್ಲಿ, ಮೆಲ್ಲಗೆ:

"ಹಂಗಲ್ಲ ಕಣಮ್ಮ ಅನಸೂಯ. ಇಲ್ನೋಡು. ನಾಲಿಗೆಗೆ ಮುಟ್ಸು... ಹೂಂ. ಉಗುರ ಮೇಲೆ ಸುತ್ತು. ಆ ಕಡೆ ಅಲ್ಲ, ಅಮ್ಮ ಸುತ್ತೋ ಕಡೆ. ಎಳಿ. ಜಾಣೆ! ಕಡಿ ಈಗ."

ಮಗುವೊಂದು ಕಿಲಕಿಲ ನಕ್ಕಿತು.

ಅಷ್ಟೇ. ಮುಳ್ಳು ಒಳಗಿನ ಕೊನೆಯ ಸುತ್ತಿಗೆ ಬಂದು ಅಲ್ಲೇ ಸುತ್ತತೊಡಗಿತು. ಟಿಕ್. ಟಿಕ್. ಟಿಕ್.

ಅನಸೂಯಮ್ಮ ತಮ್ಮ ಹೆಬ್ಬೆರಳ ಉಗುರು ನೋಡುತ್ತಿದ್ದರು. "ನಾನಿದ್ದೆ," ಎಂದರು. "ನಾನು ಅವಳ ತೊಡೆ ಮೇಲಿದ್ದೆ." ಅಷ್ಟು ಹೊತ್ತು ತಡೆದದ್ದು ಒಡೆಯಿತು. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ಅಳು ಥಟ್ಟನೆ ನಿಂತಾಗ ತಿರುಗಿದೆ. ಅವರು ತಟ್ಟೆಯನ್ನು ದಿಟ್ಟಿಸುತ್ತಿದ್ದರು.

"ಇಷ್ಟೇನಾ?"

"ಇಷ್ಟೇ."

"ಇನ್ನೊಂದ್ ಕಡೆ?"

"ಹಿಂಬದಿ ಖಾಲಿ. ಗೆರೆನೇ ಕೊರೆದಿಲ್ಲ." ನಾನು ಅವರ ಮುಂದೆ ಮಂಡಿಯೂರಿ ಕೂತೆ. "ಅನಸೂಯಮ್ನೋರೆ, ಬುಧವಾರ ಆ ಹಳೇ ದಾರ ಕಟ್ಟಿದ್ದು ನೀವು."

ಅಲ್ಲವೆನ್ನಲಿಲ್ಲ.

"ಉದ್ದ ಕೈ ಬಂತು ಕಣೇ ಅಂತ ಮಂಗಳವಾರ ಫೋನ್ ಮಾಡಿದ್ದ. ತಡೆಯೋಕಾಗ್ಲಿಲ್ಲ. ಬುಧವಾರ ಚಿಂತಾಮಣಿಯಿಂದ ಬಸ್ ಹತ್ತಿ ಬಂದೆ. ನಾಲ್ಕು ಗಂಟೆ ಇರ್ಬೇಕು. ಬಾಗ್ಲು ತೆಗ್ದಿತ್ತು. ರಮೇಶ ಮೆಟ್ಟಿಲ ಕೆಳಗೆ ಬಿದ್ದಿದ್ದ. ಕೈ ಮುಟ್ಟಿದೆ. ತಣ್ಣಗಿತ್ತಮ್ಮ." ಉಸಿರು ಎಳೆದುಕೊಂಡರು. "ಅವನು ತಣ್ಣಗಿದ್ದ. ಮೇಲೆ ಅಮ್ಮ ಹಾಡ್ತಿದ್ಲು."

ಹನ್ನೊಂದು ನಿಮಿಷದ ತಟ್ಟೆ. ಹನ್ನೊಂದು ನಿಮಿಷದಲ್ಲಿ ಮನುಷ್ಯನ ಮೈ ತಣ್ಣಗಾಗುವುದಿಲ್ಲ. ಮುಳ್ಳು ಇಳಿಸಿದ್ದು ರಮೇಶ್‌ಬಾಬು ಅಲ್ಲ.

"ಕೂಗಿಕೊಳ್ಳೋಕೆ ಬಾಯಿ ತೆಗ್ದೆ. ಅಷ್ಟರಲ್ಲಿ ಹಾಡು ನಿಂತು ಹೋಯ್ತು. ಮೇಲಿಂದ ಗಂಡಸಿನ ದನಿ ಬಂತು. 'ಅನ್ಸೂ, ಮೇಲೆ ಬರ್ಬೇಡ' ಅಂತು."

ಕೋಣೆಯಲ್ಲಿ ಟಿಕ್, ಟಿಕ್.

"ಅಪ್ಪ ಹಂಗೇ ಅನ್ನೋರು. ಹುಳ ಜ್ವರಕ್ಕೆ ಕೂತಾಗ, ಪೊರೆ ಬಿಡೋ ಹೊತ್ತಲ್ಲಿ, ಮಕ್ಕಳ್ನ ಈ ಮೆಟ್ಟಿಲು ಹತ್ತೋಕೆ ಬಿಡ್ತಿರ್ಲಿಲ್ಲ. ತಟ್ಟೆ ಒಳಗೆ ಅಪ್ಪ ಇದ್ದಾರೆ, ಅವತ್ತು ಹಾಡುವಾಗ ನಾನು ಹತ್ತೋಕೆ ಬಂದಿದ್ದೇನೋ, ತಡೆದಿದ್ದಾರೇನೋ, ಅದೇ ಕೇಳಿಸ್ತು ಅಂದ್ಕೊಂಡೆ. ಎಷ್ಟೋ ಹೊತ್ತಾದ ಮೇಲೆ ಹತ್ತಿದೆ. ಯಾರೂ ಇರ್ಲಿಲ್ಲ. ತಾರಸಿ ಬಾಗ್ಲು ತೆಗ್ದಿತ್ತು. ತಟ್ಟೆ ಸುಮ್ನೆ ತಿರುಗ್ತಿತ್ತು. ದಾರ ತುಂಡಾಗಿತ್ತು. ಕೈ ತಾನೇ ಕಟ್ಬಿಡ್ತು. ಆಮೇಲೆ ಭಯ ಆಯ್ತು. ಅಣ್ಣನ್ನ ಅಲ್ಲೇ ಬಿಟ್ಟು ಬಸ್ ಹತ್ತಿ ಹೊರಟ್ಹೋದೆ ಕಣಮ್ಮ. ಸತ್ತೋರು ಮಾತಾಡಿದ್ರು ಅಂತ ಸ್ಟೇಷನ್ನಲ್ಲಿ ಹ್ಯಾಗೆ ಹೇಳ್ಲಿ?"

"ಅದಕ್ಕೇ ನಿಮಗೆ ಕೊನೇ ನಿಮಿಷ ಬೇಕಿತ್ತು."

"ಅದ್ರಲ್ಲಿ ಅಪ್ಪನ ದನಿ ಇದ್ಬಿಟ್ರೆ ನೆಮ್ಮದಿಯಾಗಿ ನಿದ್ದೆ ಮಾಡ್ತಿದ್ದೆ." ಅವರು ನನ್ನ ಮಣಿಕಟ್ಟು ಹಿಡಿದರು. "ಇಲ್ವಲ್ಲಮ್ಮ. ಇದ್ರಲ್ಲಿ ಯಾವ ಗಂಡಸೂ ಮಾತಾಡ್ಲಿಲ್ವಲ್ಲ."

ಎದ್ದು ಮುಳ್ಳು ಎತ್ತಿದೆ. ಟಿಕ್ ನಿಂತಿತು. ಈ ಕೈಯಾಗಲಿ, ಹಳೆಯ ಕೈಯಾಗಲಿ, ತಾನಾಗಿ ಏಳುವಂಥದ್ದಲ್ಲ. ಬೆರಳೊಂದು ಎತ್ತಬೇಕು. ಬುಧವಾರ ನಾಲ್ಕು ಗಂಟೆಗೆ, ಚೀಟಿಗೆ ಒಂದು ಬೆರಳು ದೂರದಲ್ಲಿ, ಒಂದು ಬೆರಳು ಎತ್ತಿತ್ತು.

"ನಿಮ್ಮನ್ನ ಅನ್ಸೂ ಅಂತ ಯಾರ್ಯಾರು ಕರೀತಾರೆ?"

"ಇಬ್ರೇ."

ಕೆಳಗೆ ನಡುಮನೆಯಲ್ಲಿ ಮೋಹನ್‌ಬಾಬು ಕುರ್ಚಿ ಎಳೆದುಕೊಂಡ ಸದ್ದು ಕೇಳಿತು. ಅನಸೂಯಮ್ಮ ತಲೆಯಾಡಿಸಿದರು.

"ಇವನಲ್ಲ. ಇವನು ಹುಟ್ಟಿದಾಗಿಂದ ಅಕ್ಕ ಅನ್ನೋದೇ. ಅನ್ಸೂ ಅಂತಿದ್ದೋರು ಅಪ್ಪ. ಆಮೇಲೆ ರಮೇಶ."

ಒಬ್ಬರು ಇಪ್ಪತ್ತೆಂಟು ವರ್ಷದಿಂದ ಕೆಳಗಿನ ಗೋಡೆಯ ಮೇಲೆ ಗಂಧದ ಹಾರ ಹಾಕಿದ ಫೋಟೊದೊಳಗಿದ್ದರು. ಇನ್ನೊಬ್ಬರು, ಆ ದನಿ ಮೇಲಿನಿಂದ ಕರೆದಾಗ, ಅನಸೂಯಮ್ಮನ ಕಾಲ ಬಳಿ ಆಗಲೇ ತಣ್ಣಗಾಗಿದ್ದರು.